ಒಂಬತ್ತನೇ ಕಾಲು

ನಮ್ಮೂರಿನಲ್ಲಿ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಸದ್ದು ಇರುವುದಿಲ್ಲ. ಬಾಯಿ ಆಡುತ್ತದೆ, ಮಾತು ಹೊರಡುವುದಿಲ್ಲ. ಬಿಂದಿಗೆ ಕೈಜಾರಿದರೆ ನೀರು ಚೆಲ್ಲಿದ್ದು ಕಾಣುತ್ತದೆ, ಅಷ್ಟೇ. ಆ ಹೊತ್ತಿಗೆ ನಾವು ಮೂಕಹೊತ್ತು ಎನ್ನುತ್ತೇವೆ. ಯಾವಾಗಿನಿಂದ ಹೀಗೆ ಎಂದು ಕೇಳುವವರು ಈಗ ಯಾರೂ ಉಳಿದಿಲ್ಲ. ಶಾಲೆಯಲ್ಲಿ ಆ ಹೊತ್ತಿಗೆ ಕಾಪಿ ಬರೆಸುತ್ತಾರೆ. ತಾಯಂದಿರು ತೊಟ್ಟಿಲಿಗೆ ದಾರ ಕಟ್ಟಿ, ಅದರ ಇನ್ನೊಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು ಮಲಗುತ್ತಾರೆ. ಜಗಳ ಆಡಬೇಕಾದವರು ಹನ್ನೊಂದೂವರೆಗೇ ಶುರುಮಾಡುತ್ತಾರೆ. ಮುಗಿಯದಿದ್ದರೆ ನಾಲ್ಕು ಗಂಟೆಗೆ, ನಿಂತ ಮಾತಿನಿಂದಲೇ ಮುಂದುವರಿಸುತ್ತಾರೆ. ಹಾರನ್ ಕೇಳಿಸುವುದಿಲ್ಲವಾದ್ದರಿಂದ, ಆಸ್ಪತ್ರೆಗೆ ಹೋಗುವ ಗಾಡಿ ಬಿಟ್ಟು ಬೇರೆ ಯಾವುದೂ ಓಡುವಂತಿಲ್ಲ. ಎಲ್ಲರ ಬಳಿಯೂ ಅಂಗೈಯಗಲದ ಒಂದು ಸ್ಲೇಟು ಇರುತ್ತದೆ.

ಮನೆಯಿಂದ ಮನೆಗೆ ಕರೆಯಬೇಕಾದರೆ ದೀಪವೇ ಗತಿ. ಪ್ರತಿ ಮನೆಯ ಬಾಗಿಲ ಪಕ್ಕ ಒಂದು ತಗಡಿನ ಪೆಟ್ಟಿಗೆ, ಅದರ ಮೇಲೆ ಸಾಲಾಗಿ ಗುಂಡಿಗಳು. ಒತ್ತಿದರೆ ಪಕ್ಕದ ಮನೆಯ ಗೋಡೆಯ ಮೇಲೆ ಒಂದು ದೀಪ ಹತ್ತುತ್ತದೆ, ಕೈ ತೆಗೆದ ಮೇಲೂ ಬಹಳ ಹೊತ್ತು ಉರಿಯುತ್ತಿರುತ್ತದೆ. ಮೊದಲನೆಯದು ಹತ್ತಿದರೆ ನಲ್ಲಿಯಲ್ಲಿ ನೀರು ಬಂದಿದೆ, ಎರಡನೆಯದು ಹತ್ತಿದರೆ ನಿಮ್ಮ ಮಗು ನಮ್ಮಲ್ಲಿದೆ, ಮೂರನೆಯದಕ್ಕೆ ನೆಂಟರು ಬಂದು ಕಾಯುತ್ತಿದ್ದಾರೆ. ಹೀಗೆ ಎಂಟು. ಊರಿನಲ್ಲಿ ಅಂಥ ಆರುನೂರ ಹನ್ನೆರಡು ಪೆಟ್ಟಿಗೆಗಳಿವೆ. ಅವನ್ನೆಲ್ಲ ನೋಡಿಕೊಳ್ಳುವ ಪುರಸಭೆಯ ದೀಪದ ವಿಭಾಗ ಎಂದರೆ ನಾನು, ಕಮಲಾಕ್ಷಿ. ಮೊದಲು ಮೂರು ಜನ ಇದ್ದೆವು. ಒಬ್ಬರು ನಿವೃತ್ತರಾದರು, ಇನ್ನೊಬ್ಬರು ಬೇರೆ ಊರು ಹಿಡಿದರು. ಅವರ ಕುರ್ಚಿಗಳು ಇನ್ನೂ ಹಾಗೇ ಇವೆ, ನಾನು ಅವುಗಳ ಮೇಲೆ ವಯರಿನ ಸುರುಳಿ ಇಡುತ್ತೇನೆ. ನನಗೀಗ ಐವತ್ತೆರಡು. ಬೆಳಿಗ್ಗೆ ಎದ್ದಾಗ ಮೊದಲು ನೋಯುವುದು ಮಂಡಿಯೋ ಬೆನ್ನೋ ಎಂದು ಕಾದು ನೋಡುವ ವಯಸ್ಸು.

ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನಾನು ಮಾಡಿದ ತಪ್ಪು ಎಂಥದ್ದೆಂದು ತಿಳಿಯುವುದಿಲ್ಲ. ಪೆಟ್ಟಿಗೆಯೊಳಗೆ ಉಗುರಿನಷ್ಟು ಅಗಲದ ಒಂದು ಚಿಪ್ ಇರುತ್ತದೆ, ಅದಕ್ಕೆ ಜರಿಹುಳುವಿನಂತೆ ಎರಡೂ ಕಡೆ ಕಾಲುಗಳು. ಕರೆಂಟ್ ಬಂದ ಕೂಡಲೇ ಚಿಪ್ಪಿನ ಎಲ್ಲ ಕಾಲುಗಳೂ ಬರೀ ಕೇಳಿಸಿಕೊಳ್ಳುವ ಕಾಲುಗಳಾಗಿಯೇ ಏಳುತ್ತವೆ. ಯಾವುದರಿಂದ ದೀಪ ಉರಿಸಬೇಕೋ ಆ ಕಾಲಿಗೆ 'ನೀನು ಔಟ್‌ಪುಟ್, ನೀನು ಹೊರಗೆ ಹೇಳುವವಳು' ಎಂದು ಪ್ರೋಗ್ರಾಮಿನ ಮೊದಲಲ್ಲೇ ಒಂದು ಸಾಲು ಬರೆದು ಗೊತ್ತುಮಾಡಬೇಕು. ಆಮೇಲೆ 'ಉರಿಸು' ಎಂದರೆ ಉರಿಸುತ್ತದೆ, 'ಆರಿಸು' ಎಂದರೆ ಆರಿಸುತ್ತದೆ. ನಮ್ಮ ಎಂಟು ದೀಪಗಳ ಕಾಲುಗಳೆಲ್ಲ ಒಂದೇ ಸಾಲಿನಲ್ಲಿದ್ದುದರಿಂದ ಒಂದೇ ಮಾತಿನಲ್ಲಿ ಎಂಟಕ್ಕೂ ಹೇಳಿ ಮುಗಿಸಬಹುದಿತ್ತು. ಇಪ್ಪತ್ತಾರು ವರ್ಷ ಹಾಗೇ ಮಾಡಿದ್ದೆ.

ಈ ವರ್ಷ ಬೇಸಿಗೆಗೆ ಮುಂಚೆ ಪುರಸಭೆಯವರು ಒಂಬತ್ತನೇ ದೀಪ ಬೇಕೆಂದರು. ಕಾಯಿಲೆಯವರಿರುವ ನಲವತ್ತೆರಡು ಮನೆಗಳಿಗೆ, ಕೆಂಪು ದೀಪ. ಅದು ಹತ್ತಿದರೆ ಪಕ್ಕದವರು ಕೈಯಲ್ಲಿದ್ದುದನ್ನು ಬಿಟ್ಟು ಓಡಿಬರಬೇಕು. ಹತ್ತು ದಿನದಲ್ಲಿ ಮುಗಿಸಿ ಎಂದು ಸಾಹೇಬರು ಹೇಳಿದರು. ಒಂಬತ್ತನೇ ದೀಪಕ್ಕೆ ಮೊದಲ ಸಾಲಿನಲ್ಲಿ ಕಾಲು ಉಳಿದಿರಲಿಲ್ಲ. ಎರಡನೇ ಸಾಲಿನಲ್ಲಿ, ಗುಂಡಿಗಳ ಕಾಲುಗಳ ಪಕ್ಕ, ಒಂದು ಖಾಲಿ ಇತ್ತು. ಅದಕ್ಕೆ ವಯರು ಬೆಸೆದೆ. ಗುಂಡಿ ಒತ್ತಿದಾಗ 'ಉರಿಸು' ಎಂಬ ಸಾಲನ್ನೂ ಬರೆದೆ. ಅದು ಔಟ್‌ಪುಟ್ ಎಂದು ಹೇಳುವ ಸಾಲನ್ನು ಮಾತ್ರ ಬರೆಯಲಿಲ್ಲ. ಆ ದಿನ ಊಟ ಮಾಡಿದ್ದೆನೋ ಇಲ್ಲವೋ ಎಂಬುದೂ ನನಗೆ ನೆನಪಿಲ್ಲ. ಮರೆತೆ ಎನ್ನುವುದಕ್ಕೂ ಒಂದು ಕಾರಣ ಬೇಕಲ್ಲ. ಹುಡುಕಿದರೆ ದಣಿವು ಬಿಟ್ಟು ಇನ್ನೊಂದು ಕಾರಣ ಸಿಗುವುದಿಲ್ಲ.

ಅಂಥ ಕಾಲು ಪೂರ್ತಿ ಸತ್ತಂತೆ ಇದ್ದುಬಿಟ್ಟಿದ್ದರೆ ನನಗೆ ಅವತ್ತೇ ಗೊತ್ತಾಗುತ್ತಿತ್ತು. ಆದರೆ ಈ ಚಿಪ್ಪಿನ ಸ್ವಭಾವ ಬೇರೆ. ಔಟ್‌ಪುಟ್ ಎಂದು ಹೇಳದ ಕಾಲಿಗೆ 'ಉರಿಸು' ಎಂದರೆ, ಒಳಗಿನ ಒಂದು ತೆಳು ಎಳೆಯಿಂದ ತೊಟ್ಟಿಕ್ಕುವಷ್ಟು ಕರೆಂಟ್ ಬಿಡುತ್ತದೆ. ದೀಪ ಹತ್ತುತ್ತದೆ, ಆರುತ್ತಿರುವ ಬೀಡಿಯ ತುದಿಯಂತೆ. ನನ್ನ ಕೆಲಸದ ಕೋಣೆ ನೀರಿನ ಟ್ಯಾಂಕಿನ ಕೆಳಗಿದೆ, ಅದಕ್ಕೆ ಕಿಟಕಿಯಿಲ್ಲ. ಅಲ್ಲಿ ಒತ್ತಿ ನೋಡಿದೆ, ಕೆಂಪಗೆ ಕಂಡಿತು. ಸಾಕು ಅನ್ನಿಸಿತು. ಮನೆಮನೆಗೆ ಹಾಕಿದ್ದೂ ಕಚೇರಿ ಕೆಲಸ ಮುಗಿದ ಮೇಲೆ, ಸಂಜೆ ಮಬ್ಬುಗತ್ತಲಲ್ಲಿ. ಅಲ್ಲೂ ಕಂಡಿತು.

ಆ ನಲವತ್ತೆರಡರಲ್ಲಿ ಒಂದು ಚನ್ನಿಗಣ್ಣನ ಮನೆ. ಅವನು ತಗಡಿನ ಕೆಲಸದವನು. ನನ್ನ ಪೆಟ್ಟಿಗೆಗಳ ಹೊರಕವಚವನ್ನೆಲ್ಲ ಬಡಿದು ಮಾಡಿಕೊಟ್ಟವನು ಅವನೇ. ಮೂಲೆಗಳು ಕೈಗೆ ತಾಗದಂತೆ ಅಂಚು ಮಡಿಸುತ್ತಿದ್ದ. ಉಬ್ಬಸದ ಕಾಯಿಲೆ, ಬೇಸಿಗೆಯ ಧೂಳಿಗೆ ಜಾಸ್ತಿಯಾಗುತ್ತಿತ್ತು. ಅವನ ಹೆಂಡತಿ ಸಾಕಮ್ಮ ಮನೆಯಲ್ಲೇ ಹಪ್ಪಳ ಒತ್ತುತ್ತಾಳೆ. ಅವರ ಪಕ್ಕದ ಮನೆ ಪ್ರಮೀಳಳದು. ಪ್ರಮೀಳ ಗೂಡ್ಸ್ ಆಟೋ ಓಡಿಸುತ್ತಾಳೆ, ಒಬ್ಬಳೇ ಇರುತ್ತಾಳೆ. ಎರಡು ಮನೆಗೂ ಬಚ್ಚಲು ನೀರಿನ ಕಾಲುವೆಯ ವಿಷಯಕ್ಕೆ ಮಾತು ನಿಂತು ಒಂದು ವರ್ಷವಾಗಿತ್ತು. ಆದರೂ ಕೆಂಪು ದೀಪ ಪ್ರಮೀಳಳ ಗೋಡೆಗೇ ಹೋಯಿತು. ಆಟೋ ಇದ್ದದ್ದು ಅವಳೊಬ್ಬಳ ಹತ್ತಿರ.

ಒಂದು ಮಂಗಳವಾರ ಮೂಕಹೊತ್ತಿನಲ್ಲಿ ಚನ್ನಿಗಣ್ಣನಿಗೆ ಉಸಿರು ಹಿಡಿಯಿತು. ಸಾಕಮ್ಮ ಒಂದು ಕೈಯಿಂದ ಅವನ ಬೆನ್ನು ನೀವುತ್ತ, ಇನ್ನೊಂದು ಕೈಯಿಂದ ಕೆಂಪು ಗುಂಡಿ ಒತ್ತಿದಳು. ಒತ್ತಿದಳು, ಕಾದಳು, ಮತ್ತೆ ಒತ್ತಿದಳು. ಕಾಲು ಗಂಟೆಯಾದರೂ ಯಾರೂ ಬರದಿದ್ದಾಗ ಅವನನ್ನು ಗೋಡೆಗೊರಗಿಸಿ ತಾನೇ ಓಡಿದಳು. ಪ್ರಮೀಳ ಅಂಗಳದ ಬೇವಿನ ಮರದ ಕೆಳಗೆ ಟಾರ್ಪಾಲ್ ಹೊಲಿಯುತ್ತ ಕುಳಿತಿದ್ದಳು, ದೀಪದ ಗೋಡೆಗೆ ಮುಖ ಮಾಡಿಕೊಂಡು. ಸಾಕಮ್ಮ ಕಂಡದ್ದು ಅಷ್ಟು. ದೀಪದ ಕಡೆ ಅವಳು ನೋಡಲಿಲ್ಲ, ನೋಡುವ ಹೊತ್ತೂ ಅದಲ್ಲ. ಪ್ರಮೀಳ ಚಪ್ಪಲಿಯನ್ನೂ ಮೆಟ್ಟದೆ ಎದ್ದು ಆಟೋ ತೆಗೆದಳು. ಆಸ್ಪತ್ರೆಯ ಗೇಟಿನ ಬಳಿ ಚನ್ನಿಗಣ್ಣನ ತಲೆ ಹೆಂಡತಿಯ ಭುಜದ ಮೇಲೆ ವಾಲಿತು. ಡಾಕ್ಟರು ಸ್ಲೇಟಿನ ಮೇಲೆ ಬರೆದರು: ಕಾಲು ಗಂಟೆ ಮೊದಲು ಬಂದಿದ್ದರೆ ನೋಡಬಹುದಿತ್ತು.

ನಾಲ್ಕು ಗಂಟೆಗೆ ಸಾಕಮ್ಮನ ಅಳು ಊರಿಗೆಲ್ಲ ಕೇಳಿಸಿತು. ಅಳುವಿನ ನಡುವೆ ಅವಳು ಹೇಳಿದ್ದೂ ಕೇಳಿಸಿತು. "ದೀಪದ ಮುಂದೇನೇ ಕೂತಿದ್ಲು ಕಣ್ರವ್ವಾ. ನೋಡ್ಕೊಂಡೇ ಕೂತಿದ್ಲು."

ಮಾರನೆಯ ದಿನ ಪೆಟ್ಟಿಗೆ ಪರೀಕ್ಷಿಸಿ ಬರಲು ಸಾಹೇಬರು ನನ್ನನ್ನು ಕಳಿಸಿದರು. ಹೋದಾಗ ಹನ್ನೆರಡು ದಾಟಿತ್ತು. ಸಾಕಮ್ಮನನ್ನು ಒಳಗೆ ಮಲಗಿಸಿದ್ದರು. ನಾನೇ ಗುಂಡಿ ಒತ್ತಿ, ಸುತ್ತಿಕೊಂಡು ಪ್ರಮೀಳಳ ಅಂಗಳಕ್ಕೆ ಹೋದೆ. ಅವಳು ಮನೆಯಲ್ಲಿರಲಿಲ್ಲ. ಸುಣ್ಣ ಬಳಿದ ಗೋಡೆಯ ಮೇಲೆ ಬಿಸಿಲು ಹೊಡೆಯುತ್ತಿತ್ತು. ದೀಪ ಆರಿದಂತೆ ಇತ್ತು. ವಯರು ಕಿತ್ತಿದೆಯೇನೋ ಎಂದುಕೊಂಡು ಹತ್ತಿರ ಹೋಗಿ ಎರಡೂ ಅಂಗೈ ಕವುಚಿ ನೆರಳು ಮಾಡಿ ನೋಡಿದೆ. ಒಳಗೆ ಒಂದು ಸಣ್ಣ ಕೆಂಪು ಚುಕ್ಕೆ. ಅದನ್ನು ಕಂಡ ಕೂಡಲೇ ನನಗೆ ಎಲ್ಲ ಗೊತ್ತಾಯಿತು. ಪ್ರೋಗ್ರಾಮ್ ತೆಗೆದು ನೋಡುವ ಅಗತ್ಯವೂ ಇರಲಿಲ್ಲ. ಆದರೂ ಟ್ಯಾಂಕಿನ ಕೆಳಗಿನ ಕೋಣೆಗೆ ಹೋಗಿ ನೋಡಿದೆ. ಆ ಸಾಲು ಇರಲಿಲ್ಲ.

ಬರೆದೆ. ಹೊಸ ಚಿಪ್ಪಿಗೆ ತುಂಬಿದೆ. ಅವತ್ತೇ ತಂದು ಹಾಕಿದೆ, ಹಳೆಯದನ್ನು ಸೆರಗಿನ ತುದಿಗೆ ಕಟ್ಟಿಕೊಂಡೆ. ಸಾಹೇಬರಿಗೆ ಬರೆದುಕೊಟ್ಟ ಕಾಗದದಲ್ಲಿ 'ಪೆಟ್ಟಿಗೆ ಸರಿಯಾಗಿದೆ' ಎಂದಿತ್ತು. ಬರೆದ ಹೊತ್ತಿಗೆ ಅದು ಸುಳ್ಳಲ್ಲ. ಉಳಿದ ನಲವತ್ತೊಂದು ಮನೆಗಳನ್ನು ದಿನಕ್ಕೊಂದೆರಡರಂತೆ ಸದ್ದಿಲ್ಲದೆ ಸರಿಮಾಡಿಬಿಟ್ಟರೆ ಮುಗಿಯಿತು, ಸತ್ತವನಂತೂ ಬರುವುದಿಲ್ಲ ಎಂದು ಯೋಚಿಸಿದೆ. ಪ್ರಮೀಳಳ ಬಗ್ಗೆ ಯೋಚಿಸಲಿಲ್ಲ.

ಎರಡು ದಿನ ಬಿಟ್ಟು ಸಾಹೇಬರು, ಊರಿನ ನಾಲ್ಕು ಜನ ಹಿರಿಯರು, ನಾನು ಪ್ರಮೀಳಳ ಅಂಗಳಕ್ಕೆ ಹೋದೆವು. ಮೂಕಹೊತ್ತಿನಲ್ಲೇ ಹೋಗಬೇಕು, ಅದೇ ಬಿಸಿಲಲ್ಲಿ ನೋಡಬೇಕು ಎಂದು ಹಟ ಹಿಡಿದವಳು, ಅವತ್ತು ದೀಪ ಹತ್ತಲೇ ಇಲ್ಲ ಎನ್ನುತ್ತಿದ್ದ ಪ್ರಮೀಳಳೇ. ಆ ಕಡೆಯಿಂದ ಯಾರೋ ಗುಂಡಿ ಒತ್ತಿದರು. ದೀಪ ಧಗ್ಗನೆ ಹತ್ತಿತು, ಅಷ್ಟು ಬಿಸಿಲಲ್ಲೂ ಕಣ್ಣು ಕುಕ್ಕುವ ಹಾಗೆ, ಕೆಂಪಗೆ. ಎಲ್ಲರೂ ಅವಳ ಕಡೆ ತಿರುಗಿದರು. ಹಿರಿಯರಲ್ಲೊಬ್ಬರು ಸ್ಲೇಟಿನ ಮೇಲೆ 'ಕಾಣಿಸ್ತಾ?' ಎಂದು ಬರೆದು ಅವಳ ಮುಖದ ಮುಂದೆ ಹಿಡಿದರು. ಅವಳು ಸ್ಲೇಟನ್ನು ನೋಡಲಿಲ್ಲ, ದೀಪವನ್ನೇ ನೋಡುತ್ತಿದ್ದಳು. ಅವಳ ಬಾಯಿ ಏನೋ ಹೇಳುತ್ತಿತ್ತು. ನಾನು ಗೋಡೆಯ ಬುಡದ ಇರುವೆ ಸಾಲನ್ನು ನೋಡುತ್ತ ನಿಂತೆ.

ಆಮೇಲೆ ಅವಳ ಆಟೋಗೆ ಲೋಡು ಸಿಗಲಿಲ್ಲ. ಅಕ್ಕಿ ಗಿರಣಿಯವರು ಬೇರೆ ಗಾಡಿ ಗೊತ್ತುಮಾಡಿಕೊಂಡರು. ಸಂತೆಯಲ್ಲಿ ಅವಳು ಮೂಟೆಗೆ ಕೈ ಹಾಕಿದರೆ "ಬ್ಯಾಡ ಬಿಡವ್ವ, ನಾವೇ ಹೊತ್ಕೊಂಡ್ ಹೋಯ್ತೀವಿ" ಎನ್ನುತ್ತಿದ್ದರು. ಆಟೋದ ಹಿಂಬದಿಯಲ್ಲಿ ಯಾರೋ ಸೀಮೆಸುಣ್ಣದಿಂದ 'ಕುರುಡಿ' ಎಂದು ಬರೆದರು. ಅವಳು ಒರೆಸಿದಳು, ಮತ್ತೆ ಬರೆದರು. ಆಮೇಲೆ ಒರೆಸುವುದನ್ನೂ ಬಿಟ್ಟಳು.

ಮೂರು ವಾರ ಕಳೆಯಿತು. ಅಷ್ಟರಲ್ಲಿ ನಾನು ಸರಿಮಾಡಿದ್ದು ಐದೇ ಮನೆ. ಯಾವ ಮನೆಗೆ ಹೋದರೂ "ಯಾಕಕ್ಕ, ಚೆನ್ನಾಗೇ ಇತ್ತಲ್ಲ?" ಎಂದು ಕೇಳುತ್ತಿದ್ದರು. ಒಂದೊಂದು ಮನೆಗೂ ಒಂದೊಂದು ಸುಳ್ಳು ಹೊಂದಿಸಬೇಕಿತ್ತು. ಕೆಲಸಕ್ಕಿಂತ ಅದೇ ಹೆಚ್ಚು ಸುಸ್ತು.

ಒಂದು ದಿನ ಬೆಳಿಗ್ಗೆ ಹತ್ತು ಗಂಟೆಗೆ ಪ್ರಮೀಳ ನನ್ನ ಕೋಣೆಗೆ ಬಂದಳು. ಕೂರು ಎಂದೆ, ಕೂರಲಿಲ್ಲ. ಕುರ್ಚಿಯ ಮೇಲಿದ್ದ ವಯರಿನ ಸುರುಳಿಯನ್ನು ಸುಮ್ಮನೆ ಮುಟ್ಟುತ್ತ ನಿಂತಳು.

"ಕಮಲಕ್ಕ, ಒಂದ್ ಮಾತು ಕೇಳ್ತೀನಿ. ನಿಜ ಹೇಳ್ಬೇಕು."

"ಕೇಳು."

"ಕಣ್ಣಿನ ಡಾಕ್ಟ್ರ ಹತ್ರ ಹೋಗಿದ್ದೆ. ಕಣ್ಣು ಚೆನ್ನಾಗೈತೆ, ಎಲ್ಲಾ ಬಣ್ಣಾನೂ ಕಾಣ್ತದೆ ಅಂದ್ರು. ಅವತ್ತು ಆ ದೀಪ ಉರೀತಿತ್ತಾ? ನೀವೇ ಮಾಡಿದ್ದು, ನಿಮಗ್ ಗೊತ್ತಿರ್ತದೆ."

ನಾನು ಬೆಸುಗೆ ಕಡ್ಡಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದೆ. ಅದನ್ನು ಕೆಳಗಿಡಲಿಲ್ಲ.

"ಉರೀತಿತ್ತು ಪ್ರಮೀಳ," ಎಂದೆ.

ಅವಳು ತಲೆಯಾಡಿಸಿದಳು. "ಹಂಗಾದ್ರೆ ನಾನೇ ನೋಡ್ಲಿಲ್ಲ ಅಂತಾಯ್ತು," ಎಂದಳು, ಅಂಗಡಿಯಲ್ಲಿ ಸಾಮಾನು ಇಲ್ಲವೆಂದಾಗ ತಿರುಗುವವರಂತೆ ತಿರುಗಿ ಹೊರಟುಹೋದಳು. ಅವಳು ಬೈದಿದ್ದರೆ ನಾನು ಇನ್ನೂ ಸ್ವಲ್ಪ ದಿನ ತಡೆದುಕೊಂಡಿರುತ್ತಿದ್ದೆನೇನೋ. ಅವತ್ತು ಮಾಡಿದ ಅನ್ನವನ್ನು ಹಾಗೇ ನಾಯಿಗೆ ಹಾಕಿದೆ. ಇಪ್ಪತ್ತಾರು ವರ್ಷ ಊರಿನವರ ಮಾತನ್ನು ಗೋಡೆಯಿಂದ ಗೋಡೆಗೆ ಮುಟ್ಟಿಸಿದವಳು, ಎದುರಿಗೆ ನಿಂತು ಕೇಳಿದವಳಿಗೆ ಒಂದು ನಿಜ ಹೇಳಲಾಗಲಿಲ್ಲ.

ಮಾರನೆಯ ದಿನ ಹನ್ನೆರಡೂವರೆಗೆ ಸಾಕಮ್ಮನ ಮನೆಗೆ ಹೋದೆ. ಮೂಕಹೊತ್ತಿನಲ್ಲಿ ಹೋಗಲು ಬಿಸಿಲು ಒಂದು ಕಾರಣ. ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲದಿದ್ದದ್ದು ಇನ್ನೊಂದು. ಸಾಕಮ್ಮ ಹೊಸಿಲ ಮೇಲೆ ಕುಳಿತಿದ್ದಳು. ಪೆಟ್ಟಿಗೆ ಬಿಚ್ಚಿ, ಹೊಸ ಚಿಪ್ ತೆಗೆದು, ಸೆರಗಿನಲ್ಲಿದ್ದ ಹಳೆಯದನ್ನು ಕೂರಿಸಿದೆ. ಸ್ಲೇಟಿನ ಮೇಲೆ ಬರೆದೆ: 'ಅವತ್ತಿನ ಚಿಪ್. ಕೆಂಪು ಒತ್ತು. ಆಮೇಲೆ ನನ್ನ ಜೊತೆ ಬಾ.' ಅವಳು ಎರಡು ಸಲ ಓದಿದಳು. ಎದ್ದು, ಹೆಬ್ಬೆರಳಿನಿಂದ ಗುಂಡಿ ಒತ್ತಿದಳು.

ಪ್ರಮೀಳ ನಮ್ಮಿಬ್ಬರನ್ನೂ ಒಟ್ಟಿಗೆ ಕಂಡು ಬಾಗಿಲಲ್ಲೇ ನಿಂತಳು. ನಾನು ಕೈ ಸನ್ನೆ ಮಾಡಿ ಗೋಡೆಯ ಮುಂದೆ ಕರೆದೆ. ಮೂವರೂ ನಿಂತೆವು. ಬಿಸಿಲು ಗೋಡೆಯಿಂದ ಪುಟಿದು ಮುಖಕ್ಕೆ ಹೊಡೆಯುತ್ತಿತ್ತು. ದೀಪ ಕಪ್ಪಗಿತ್ತು. ಸಾಕಮ್ಮ ನನ್ನ ಕಡೆ ನೋಡಿದಳು, ಗುಂಡಿ ಒತ್ತಿ ಬಂದಿದ್ದೇನೆ ಎಂಬಂತೆ ಹೆಬ್ಬೆರಳು ತೋರಿಸಿದಳು. ನಾನು ಎರಡೂ ಕೈ ಕವುಚಿ ದೀಪಕ್ಕೆ ನೆರಳು ಮಾಡಿ ಅವಳನ್ನು ಹತ್ತಿರ ಕರೆದೆ. ಅವಳು ಬಗ್ಗಿ ಕಣ್ಣಿಟ್ಟು ಬಹಳ ಹೊತ್ತು ನೋಡಿದಳು. ಅವಳ ಉಸಿರು ನನ್ನ ಬೆರಳಿಗೆ ತಾಗುತ್ತಿತ್ತು. ಆಮೇಲೆ ಪ್ರಮೀಳ ನೋಡಿದಳು. ನಾನು ಸ್ಲೇಟು ಒರೆಸಿ, ಜಾಗ ಸಾಲದೆಂದು ಸಣ್ಣಕ್ಷರದಲ್ಲಿ ಬರೆದೆ: 'ಒಂದು ಸಾಲು ಬರೆಯುವುದು ಮರೆತೆ. ತಪ್ಪು ನನ್ನದು. ಅವನು ಹೋದ ಮಾರನೆ ದಿನವೇ ಗೊತ್ತಾಯಿತು. ಕದ್ದು ಸರಿಮಾಡಿದೆ. ಪ್ರಮೀಳ ಸುಳ್ಳು ಹೇಳಿಲ್ಲ.'

ಆಗ ಒಂದು ಗಂಟೆ ಹತ್ತು ನಿಮಿಷ. ನಾಲ್ಕಾಗಲು ಸುಮಾರು ಮೂರು ತಾಸು ಇತ್ತು. ಯಾರೂ ಮತ್ತೆ ಸ್ಲೇಟು ಮುಟ್ಟಲಿಲ್ಲ. ಸಾಕಮ್ಮ ಬೇವಿನ ಬುಡದಲ್ಲಿ ಕುಳಿತಳು. ಪ್ರಮೀಳ ಆಟೋಗೆ ಒರಗಿದಳು. ನಾನು ಬಿಸಿಲಲ್ಲೇ ಕುಳಿತೆ, ನೆರಳಿಗೆ ಹೋಗಲು ಮನಸ್ಸಾಗಲಿಲ್ಲ. ಒಂದು ತಾಸಾದ ಮೇಲೆ ಪ್ರಮೀಳ ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು ಸಾಕಮ್ಮನ ಮುಂದಿಟ್ಟಳು. ಸಾಕಮ್ಮ ಕುಡಿದು, ಚೊಂಬನ್ನು ಅವಳಿಗೇ ವಾಪಸು ಕೊಟ್ಟಳು. ನನಗೆ ಯಾರೂ ಕೊಡಲಿಲ್ಲ, ನಾನೂ ಕೇಳಲಿಲ್ಲ.

ನಾಲ್ಕು ಗಂಟೆಗೆ ಎಂದಿನಂತೆ ಮೊದಲು ಕಾಗೆಗಳು ಕೇಳಿಸಿದವು, ಆಮೇಲೆ ಟ್ಯಾಂಕಿನ ಪಂಪು, ಆಮೇಲೆ ಇಡೀ ಊರು. ಮೊದಲು ಮಾತಾಡಿದವಳು ಸಾಕಮ್ಮ.

"ಕಾಲು ಗಂಟೆ ಒತ್ತಿದೀನಿ ಕಮಲಕ್ಕ. ಬೆರಳು ನೋಯೋಗಂಟ. ಪೆಟ್ಟಿಗೆ ನಿಮ್ದು ಅಂತ ನಂಬ್ಕೊಂಡು ಒತ್ತಿದೀನಿ. ಇಲ್ದಿದ್ರೆ ಆಗ್ಲೇ ಓಡೋಗ್ತಿದ್ದೆ."

ನಾನು ಹೇಳಲು ಇದ್ದದ್ದನ್ನೆಲ್ಲ ಸ್ಲೇಟಿನ ಮೇಲೆ ಬರೆದಾಗಿತ್ತು.

ಅವಳು ಪ್ರಮೀಳಳ ಕಡೆ ತಿರುಗಿದಳು. "ನಿನಗೆ ನಾನು ಅನ್ಬಾರದ್ದೆಲ್ಲ ಅಂದೆ ಕಣವ್ವ. ದೀಪ ಕಂಡಿದ್ರೆ ನೀನು ಬರ್ತಿದ್ದೆ. ಅವತ್ತು ಬರಿಗಾಲಲ್ಲಿ ಎದ್ದು ಬಂದೋಳು ನೀನು."

ಪ್ರಮೀಳ ಹೇಳಿದಳು, "ಬರ್ತಿದ್ನಾ ಸಾಕಕ್ಕ? ನೀವೆಲ್ಲಾ ಸೇರಿ ನನಗೇ ಅನುಮಾನ ಬರೋ ಹಂಗೆ ಮಾಡ್ಬಿಟ್ರಿ. ದಿನಾ ಮಲಗ್ಕೊಂಡು ಯೋಚ್ನೆ ಮಾಡೀನಿ. ದೀಪ ಕಾಣಿಸ್ತೇನೋ, ಬಚ್ಚಲ ಜಗಳ ನೆನೆಸ್ಕೊಂಡು ಬೇಕಂತ್ಲೇ ಕೂತಿದ್ನೇನೋ ಅಂತ. ಕೂತಿದ್ದೆ ಅಂತ್ಲೇ ಅಂದ್ಕೊಂಡಿದ್ದೆ, ಇವತ್ತು ಮಧ್ಯಾಹ್ನದ ಗಂಟ."

ಅದನ್ನು ಕೇಳಿ ಸಾಕಮ್ಮ ಅತ್ತಳು. ಗಂಡ ಹೋದ ದಿನದ ಅಳುವಲ್ಲ ಅದು, ಸದ್ದು ಕಡಿಮೆ ಇತ್ತು.

ಸಾಕಮ್ಮನ ಪೆಟ್ಟಿಗೆಗೆ ಹೊಸ ಚಿಪ್ ಮತ್ತೆ ಕೂರಿಸಿ, ಅಲ್ಲಿಂದ ನೇರ ಪುರಸಭೆಗೆ ಹೋಗಿ ಸಾಹೇಬರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣು ಉಜ್ಜಿಕೊಂಡರು. "ಸಸ್ಪೆಂಡ್ ಮಾಡ್ಬೇಕು ನಿಮ್ಮನ್ನ," ಎಂದರು. "ಮಾಡಿ ಸಾರ್" ಎಂದೆ. ಆ ಮಾತು ಕೇಳಿದಾಗ ನನಗೆ ಒಳಗೆಲ್ಲೋ ಹಾಯೆನಿಸಿದ್ದು ನಿಜ. ಅವರು ಗೋಡೆಯ ಮೇಲಿನ ಪಟ್ಟಿಯನ್ನು ನೋಡಿದರು, ದೀಪದ ವಿಭಾಗದ ಮುಂದೆ ಒಂದೇ ಹೆಸರಿತ್ತು. "ಮಾಡಿ ಯಾರನ್ನ ಕಳಿಸ್ಲಿ? ಇನ್ನೂ ಎಷ್ಟು ಮನೆ ಹಂಗೇ ಅವೆ?" ಮೂವತ್ತಾರು ಎಂದೆ. "ಮೊದ್ಲು ಅದನ್ನ ಮುಗಿಸಿ. ಆಮೇಲೆ ವಿಚಾರಣೆ," ಎಂದು ಕನ್ನಡಕ ಹಾಕಿಕೊಂಡರು. ಸಂಜೆ ಮೈಕಿನಲ್ಲಿ ಊರಿಗೆಲ್ಲ ವಿಷಯ ಸಾರಿದರು. ಕೆಲವರು ನನ್ನ ಮನೆಯ ಮುಂದೆ ಬಂದು ಬೈದು ಹೋದರು. ಇನ್ನು ಕೆಲವರು, ಪಾಪ ಕಮಲಕ್ಕ ಆ ಪ್ರಮೀಳನ್ನ ಉಳಿಸೋಕೆ ತನ್ನ ಮೇಲೆ ಹಾಕಿಕೊಂಡಳು ಎಂದರಂತೆ. ಗಿರಣಿಯವರು ಪ್ರಮೀಳಳಿಗೆ ನಾಳೆ ಇಪ್ಪತ್ತು ಮೂಟೆ ಇದೆ ಎಂದು ಹೇಳಿಕಳಿಸಿದರು. ಬೇರೇನೂ ಹೇಳಿಕಳಿಸಲಿಲ್ಲ.

ಮಾರನೆಯ ದಿನ ಹನ್ನೊಂದೂವರೆಗೆ ನಾನು ಚಿಪ್ಪುಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟಾಗ ಟ್ಯಾಂಕಿನ ಮುಂದೆ ಗೂಡ್ಸ್ ಆಟೋ ನಿಂತಿತ್ತು. ಪ್ರಮೀಳ ಸೀಟಿನಿಂದ ಇಳಿಯಲಿಲ್ಲ.

"ನಾನೂ ಬರ್ತೀನಿ," ಎಂದಳು. "ನೀವು ಒಳಗೆ ಒತ್ತಿ. ನಾನು ಬಿಸಿಲಲ್ಲಿ ನಿಂತು ನೋಡ್ತೀನಿ. ಕಂಡ್ರೆ ಕೈ ಎತ್ತೀನಿ. ನಿಮ್ಮ ಕಣ್ಣು ನಾನು ನಂಬಲ್ಲ."

"ಗಿರಣಿ ಲೋಡು?"

"ನಾಕ್ ಗಂಟೆ ಮೇಲೆ ಹೊಡೀತೀನಿ. ಹತ್ತಿ."

ಹಾಗೆ ಎಂಟು ದಿನ ಓಡಾಡಿದೆವು. ಹನ್ನೆರಡಾದ ಮೇಲೆ ಆಟೋವನ್ನು ಬೀದಿಯ ತುದಿಯಲ್ಲಿ ನಿಲ್ಲಿಸಿ ನಡೆಯುತ್ತಿದ್ದೆವು. ನಾನು ಚಿಪ್ ಬದಲಿಸಿ ಗುಂಡಿ ಒತ್ತಿ, ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ಪಕ್ಕದ ಅಂಗಳದಲ್ಲಿ ಸೆರಗನ್ನು ತಲೆಗೆ ಹೊದ್ದು ನಿಂತ ಅವಳು ಕೈ ಎತ್ತಿದರೆ ಮುಂದಿನ ಮನೆ. ಮಾತಾಡುವ ಹೊತ್ತಿನಲ್ಲೂ ನಾವು ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಅವಳು ನನ್ನನ್ನು ಕ್ಷಮಿಸಿದ್ದಾಳೆ ಎಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ.

ಕೊನೆಯ ದಿನ, ಮೂವತ್ತೈದನೇ ಮನೆಯಲ್ಲಿ, ನಾನು ಒತ್ತಿ ಬಂದು ನೋಡಿದರೆ ಅವಳ ಕೈ ಕೆಳಗೇ ಇತ್ತು. ಕಾದೆ. ಎತ್ತಲಿಲ್ಲ. ಮತ್ತೇನು ತಪ್ಪು ಮಾಡಿದೆನೋ ಎಂದು ಮಂಡಿ ನೋವನ್ನೂ ಮರೆತು ಅಂಗಳಕ್ಕೆ ಓಡಿದೆ. ದೀಪ ಉರಿಯುತ್ತಿತ್ತು, ಬಿಸಿಲನ್ನು ಮೀರಿ, ಕುಂಕುಮದಷ್ಟು ಕೆಂಪಗೆ. ಪ್ರಮೀಳ ಅದರ ಮುಂದೆ ನೆಲದ ಮೇಲೆ, ಅವತ್ತು ಬೇವಿನ ಕೆಳಗೆ ಕುಳಿತಿದ್ದಷ್ಟೇ ದೂರದಲ್ಲಿ, ಕುಳಿತುಬಿಟ್ಟಿದ್ದಳು. ಕೆನ್ನೆ ಒದ್ದೆಯಾಗಿತ್ತು, ಬಾಯಿ ತೆರೆದಿತ್ತು. ಅವಳು ಜೋರಾಗಿ ಅಳುತ್ತಿದ್ದಳೋ ಮೆಲ್ಲಗೆ ಅಳುತ್ತಿದ್ದಳೋ ಆ ಹೊತ್ತಿನಲ್ಲಿ ಹೇಳುವುದು ಸಾಧ್ಯವಿರಲಿಲ್ಲ. ನಾನು ಚೀಲ ಇಳಿಸಿ, ಸ್ವಲ್ಪ ದೂರದಲ್ಲಿ ಕುಳಿತೆ. ಇಬ್ಬರೂ ದೀಪವನ್ನು ನೋಡಿದೆವು. ಎಷ್ಟೋ ಹೊತ್ತಾದ ಮೇಲೆ ಅವಳು ಮುಖ ಒರೆಸಿಕೊಂಡು, ನನ್ನ ಕಡೆ ತಿರುಗದೆಯೇ, ಕೈ ಎತ್ತಿದಳು.